ಜಮಾತಿನ ಸನ್ಮಾನಕ್ಕೆ ಯಾರನ್ನು ಕರೆಯೋಣ? ನಮ್ಮ ಕಡೆಯವರು ಸಲಹೆ ಕೊಡಿ

ನವನಗರದವ:
ಎಲ್ಲರಿಗೂ ಸಲಾಂ, ನಮಸ್ಕಾರ. ಬಾಗಲಕೋಟೆ ನವನಗರದಿಂದ ಬರೆಯುತ್ತಿದ್ದೇನೆ. ನಮ್ಮ ಜಮಾತಿನಲ್ಲಿ, ಅಂದರೆ ಮಸೀದಿಗೆ ಸೇರಿದ ನಮ್ಮ ಸಮುದಾಯದಲ್ಲಿ, ಈ ಸಲ ಸಾಧಕರಿಗೆ ಸನ್ಮಾನ ಇಟ್ಟುಕೊಳ್ಳೋಣ ಅಂತ ಹಿರಿಯರು ಮಾತಾಡಿದ್ದಾರೆ. ಪಟ್ಟಿ ಮಾಡುವ ಕೆಲಸ ನನಗೆ ಮತ್ತು ಇನ್ನಿಬ್ಬರಿಗೆ ಬಂದಿದೆ.

ಇಲ್ಲಿಯವರೆಗೆ ಬಂದಿರುವುದೆಲ್ಲ ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್‌ಗಳ ಜೆರಾಕ್ಸ್. ಮಕ್ಕಳು ಓದಿದ್ದಾರೆ, ಖುಷಿಯೇ. ಆದರೆ ನನ್ನ ತಲೆಯಲ್ಲಿ ಒಬ್ಬರು ಖಾಲಾ (ಚಿಕ್ಕಮ್ಮನಂಥವರು) ಕೂತುಬಿಟ್ಟಿದ್ದಾರೆ. ಗಂಡ ತೀರಿಕೊಂಡ ಮೇಲೆ ರಾತ್ರಿಯೆಲ್ಲ ಬ್ಲೌಸ್ ಹೊಲಿದು ಮೂರು ಹೆಣ್ಣುಮಕ್ಕಳನ್ನು ಓದಿಸಿದರು, ದೊಡ್ಡವಳು ಈಗ ಸ್ಟಾಫ್ ನರ್ಸ್. ಇವರ ಹತ್ತಿರ ಯಾವ ಸರ್ಟಿಫಿಕೇಟೂ ಇಲ್ಲ. ಇವರನ್ನು ಯಾವ ಲೆಕ್ಕದಲ್ಲಿ ಪಟ್ಟಿಗೆ ಸೇರಿಸಲಿ?

ಇನ್ನೊಂದು ತೊಂದರೆ ನಮ್ಮೂರಿಗೇ ಸೇರಿದ್ದು. ಆಲಮಟ್ಟಿ ಹಿನ್ನೀರಿನ ಮುಳುಗಡೆಯಾದ ಮೇಲೆ ಹಳೇ ಊರಿನ ಒಂದೇ ಗಲ್ಲಿಯವರು ನವನಗರದ ಬೇರೆ ಬೇರೆ ಸೆಕ್ಟರ್‌ಗೆ ಹಂಚಿಹೋದರು. ಮೊದಲು ಯಾರ ಮನೆ ಹುಡುಗ ಪಾಸಾದರೂ ಸಂಜೆಯೊಳಗೆ ಎಲ್ಲರ ಬಾಯಿಗೂ ಸಕ್ಕರೆ ಬೀಳುತ್ತಿತ್ತು. ಈಗ ಶುಕ್ರವಾರ ನಮಾಜಿಗೆ ಸಿಕ್ಕಾಗ ಎರಡು ಮಾತು, ಅಷ್ಟೇ. ಯಾರ ಮಗಳು ಏನಾದಳು ಅಂತ ನಮಗೆ ಗೊತ್ತೇ ಇಲ್ಲ. ಹೆಸರು ಹುಡುಕುವುದು ಹೇಗೆ, ಕಾರ್ಯಕ್ರಮ ಹೇಗೆ ಮಾಡಿದರೆ ಚೆನ್ನಾಗಿರುತ್ತದೆ, ನೀವು ಮಾಡಿದ್ದರೆ ಹೇಳಿ.

ಮಹಾಲಿಂಗಪುರದ ಅಣ್ಣ:
ವಾಲೈಕುಮ್ ಸಲಾಂ ತಮ್ಮಾ. ಆ ಖಾಲಾನ ಹೆಸರು ಮೊದಲು ಬರಿ. ಸರ್ಟಿಫಿಕೇಟ್ ವಿಷಯಕ್ಕೆ ನಮ್ಮೂರಿನ ಇಬ್ರಾಹಿಂ ಸುತಾರ ಅವರನ್ನು ನೆನೆಸಿಕೋ. ಬಡಗಿ ಮನೆತನ, ಶಾಲೆ ಕಲಿತದ್ದು ಮೂರನೇ ಇಯತ್ತೆ, ಹೊಟ್ಟೆಪಾಡಿಗೆ ನೇಕಾರಿಕೆ. ಸಂಜೆ ಭಜನೆಯಲ್ಲಿ ಕೂತು ವಚನ, ತತ್ವಪದ ಕಲಿತರು. 1970ರಲ್ಲಿ ಭಾವೈಕ್ಯ ಮೇಳ ಕಟ್ಟಿಕೊಂಡು ಊರೂರು ತಿರುಗಿದರು. 2018ರಲ್ಲಿ ಪದ್ಮಶ್ರೀ ಬಂತು. ಅದಕ್ಕೂ ಎಷ್ಟೋ ವರ್ಷ ಮೊದಲೇ ಜನ ಅವರನ್ನು ಕನ್ನಡದ ಕಬೀರ ಅಂತ ಕರೆಯುತ್ತಿದ್ದರು. 2022ರ ಫೆಬ್ರುವರಿ 5ಕ್ಕೆ ತೀರಿಕೊಂಡರು. ಅವತ್ತು ಅತ್ತವರಲ್ಲಿ ಯಾರು ಯಾವ ಜಾತಿ ಅಂತ ಯಾರೂ ನೋಡಲಿಲ್ಲ.

ಅವರ ಕಾರ್ಯಕ್ರಮ ನೋಡಿದ್ದೀಯಾ? ಮೇಳದಲ್ಲಿ ಒಬ್ಬರು ಪ್ರಶ್ನೆ ಎತ್ತುತ್ತಿದ್ದರು, ಸುತಾರರು ಉತ್ತರ ಹೇಳಿ ಅದಕ್ಕೊಂದು ಪದ ಹಾಡುತ್ತಿದ್ದರು, ಆ ಉತ್ತರದ ಮೇಲೆ ಮತ್ತೊಂದು ಪ್ರಶ್ನೆ. ರಾತ್ರಿ ಎಷ್ಟೊತ್ತಾದರೂ ಜನ ಏಳುತ್ತಿರಲಿಲ್ಲ. ನಿಮ್ಮ ಸನ್ಮಾನವನ್ನೂ ಹಾಗೇ ಮಾಡಿ ನೋಡು. ಶಾಲು ಹೊದಿಸಿ, ಹಾರ ಹಾಕಿ, ಫೋಟೊ ತೆಗೆದು ಕೆಳಗೆ ಕಳಿಸಬೇಡಿ. ಒಬ್ಬ ಹುಡುಗನ ಕೈಗೆ ಮೈಕ್ ಕೊಡಿ, ಅವನು ಕೇಳಲಿ. ಖಾಲಾ, ಮೊದಲನೇ ಫೀ ಎಲ್ಲಿಂದ ತಂದಿರಿ? ಮಗಳನ್ನು ಹಾಸ್ಟೆಲಿಗೆ ಕಳಿಸುವಾಗ ಮನೆಯವರು ಬೇಡ ಅಂದರಾ, ಅವರಿಗೆ ಏನು ಹೇಳಿದಿರಿ? ಕೇಳಲು ಕೂತ ಇನ್ನೊಬ್ಬ ತಾಯಿಗೆ ಬೇಕಾಗಿರುವುದು ಆ ಉತ್ತರ.

ಇಳಕಲ್ ಮಗ್ಗ:
ಅಣ್ಣನ ಮಾತಿಗೆ ನನ್ನದೂ ಕೈ ಎತ್ತಿದೆ. ಕೈಕೆಲಸದವರನ್ನು ಮರೆಯಬೇಡಿ ಅಂತ ಹೇಳಲು ಬಂದೆ. ಇಳಕಲ್ ಸೀರೆ ಎಲ್ಲರಿಗೂ ಗೊತ್ತು, ಆದರೆ ಸೀರೆಯ ಮೈಯ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕುವ ಕೈ ಯಾರದು ಅಂತ ಯಾರೂ ಕೇಳುವುದಿಲ್ಲ. ನಮ್ಮಮ್ಮ ಆ ಕೆಲಸ ಮಾಡುತ್ತಿದ್ದರು. ಎಳೆಗೆ ಎಳೆ ಜೋಡಿಸಬೇಕು, ಒಂದು ತಪ್ಪಿದರೆ ಸೆರಗಿನಲ್ಲಿ ಕಾಣುತ್ತದೆ. ಮಧ್ಯಾಹ್ನ ಬಾಗಿಲ ಬೆಳಕಿಗೆ ಕೂತು, ಹೆಬ್ಬೆರಳಿಗೂ ತೋರುಬೆರಳಿಗೂ ಸ್ವಲ್ಪ ಬೂದಿ ಹಚ್ಚಿಕೊಂಡು, ಕಣ್ಣು ಕಿರಿದು ಮಾಡಿ ಹೊಸೆಯುತ್ತಿದ್ದರು. ನಾವು ಶಾಲೆಯಿಂದ ಬಂದು ಮಾತಾಡಿಸಿದರೂ ತಲೆ ಎತ್ತುತ್ತಿರಲಿಲ್ಲ, ಲೆಕ್ಕ ತಪ್ಪುತ್ತದೆ ಅಂತ. ಆ ದುಡ್ಡಿನಲ್ಲಿ ನಾನು ಡಿಪ್ಲೊಮಾ ಮುಗಿಸಿದೆ. ಅಮ್ಮನನ್ನು ಯಾರೂ ಒಂದು ದಿನ ವೇದಿಕೆಗೆ ಕರೆಯಲಿಲ್ಲ, ಈಗ ಕರೆಯೋಣ ಅಂದರೆ ಅವರಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ವಯಸ್ಸಾದವರನ್ನು ಮುಂದಿನ ವರ್ಷಕ್ಕೆ ತಳ್ಳಬೇಡಿ.

ಮೊಹರಂನಲ್ಲಿ ರಿವಾಯತ್ ಪದ ಹಾಡುವ ಹಿರಿಯರು ನಿಮ್ಮ ಕಡೆ ಇದ್ದರೆ ಅವರನ್ನೂ ನೋಡಿ. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ರಾತ್ರಿಯಿಡೀ ಬಾಯಿಪಾಠ ಹಾಡುತ್ತಾರೆ. ಜಮಾತಿನಲ್ಲಿ ಎಲ್ಲರೂ ಒಪ್ಪಲಿಕ್ಕಿಲ್ಲ, ಆದರೂ ಮಾತು ಎತ್ತಿ.

ಗೋಕಾಕದ ಅಕ್ಕ:
ನನ್ನದು ಒಂದೇ ಬೇಡಿಕೆ, ಹೆಂಗಸರನ್ನು ಮುಂದೆ ಕೂರಿಸಿ. ನನ್ನ ಮಗಳಿಗೆ ಒಂದು ಕಡೆ ಸನ್ಮಾನ ಇತ್ತು. ಎರಡೂವರೆ ಗಂಟೆ ಅತಿಥಿಗಳ ಭಾಷಣ. ಕೊನೆಗೆ ಮಕ್ಕಳ ಹೆಸರು ಗಡಿಬಿಡಿಯಲ್ಲಿ ಓದಿದರು. ನಾನು ಪರದೆಯ ಹಿಂದೆ ಕೂತಿದ್ದೆ, ಮಗಳ ಹೆಸರು ಕೇಳಿಸಿತು, ಮುಖ ಕಾಣಲಿಲ್ಲ. ಅವಳು ಕೆಳಗೆ ಇಳಿದು ಬಂದು ‘ಅಮ್ಮಿ, ನೋಡಿದ್ಯಾ?’ ಅಂತ ಕೇಳಿದಳು. ನೋಡಿದೆ ಅಂತ ಸುಳ್ಳು ಹೇಳಿದೆ. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ನಮ್ಮ ತಾಲೂಕಿನ ಕೊಣ್ಣೂರಿನ ಸೊಸೆ ಕರ್ನಲ್ ಸೋಫಿಯಾ ಖುರೇಷಿ 2025ರ ಮೇ 7ರಂದು ದೇಶದ ಮುಂದೆ ಕೂತು ಆಪರೇಷನ್ ಸಿಂಧೂರದ ಬಗ್ಗೆ ಸೇನೆಯ ಪರವಾಗಿ ಮಾತಾಡಿದಾಗ ಇಲ್ಲಿ ಎಲ್ಲರ ಮನೆಯ ಟಿವಿಯಲ್ಲೂ ಅದೇ. ನನ್ನ ಮಗಳು ಅವತ್ತು ಊಟದ ತಟ್ಟೆ ಹಿಡಿದುಕೊಂಡೇ ನಿಂತು ನೋಡಿದಳು. ಆಮೇಲೆ ಎನ್‌ಸಿಸಿ ಸೇರಲಾ ಅಂತ ಕೇಳಿದಳು. ಸಾಧನೆ ಮಾಡಿದವರನ್ನು ಕಣ್ಣಾರೆ ನೋಡಿದರೆ ಹುಡುಗಿಯರು ಏನೇನು ಕೇಳಲು ಶುರು ಮಾಡುತ್ತಾರೆ ಅಂತ ಅವತ್ತು ನನಗೆ ತಿಳಿಯಿತು.

ಗುಮ್ಮಟದೂರಿನ ಮೇಷ್ಟ್ರು:
ವಿಜಯಪುರದಿಂದ ನಾನು. ನಮ್ಮಲ್ಲಿ ಯಾವುದೇ ಸನ್ಮಾನ ಇದ್ದರೂ ಭಾಷಣ ಆದಿಲಶಾಹಿಗಳಿಂದ ಶುರುವಾಗುತ್ತದೆ, ಗೋಳಗುಮ್ಮಟ, ಇಬ್ರಾಹಿಂ ರೋಜಾ, ತಾಜ್ ಬಾವಡಿ. ಅದರ ಬಗ್ಗೆ ನನಗೂ ಹೆಮ್ಮೆಯಿದೆ. ಆದರೆ ಗೋಳಗುಮ್ಮಟ ಎದ್ದದ್ದು 17ನೇ ಶತಮಾನದಲ್ಲಿ. ಹತ್ತನೇ ತರಗತಿ ಹುಡುಗನಿಗೆ ಪಕ್ಕದ ಓಣಿಯಲ್ಲಿ ಪಿಎಸ್‌ಐ ಆದ ಅಣ್ಣ ಬೇಕು, ಅವನ ಫೋನ್ ನಂಬರ್ ಬೇಕು.

ಕಾರ್ಯಕ್ರಮದ ತಿಂಗಳೂ ಮುಖ್ಯ. ಎಲ್ಲರೂ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ಅಷ್ಟೊತ್ತಿಗೆ ಮಕ್ಕಳು ಎಲ್ಲೋ ಒಂದು ಕಡೆ ಸೇರಿಬಿಟ್ಟಿರುತ್ತಾರೆ, ಇಲ್ಲವೇ ಹುಡುಗ ಗ್ಯಾರೇಜಿಗೆ ಹೋಗುತ್ತಿರುತ್ತಾನೆ. ರಿಸಲ್ಟ್ ಬಂದ ಕೂಡಲೇ ಮಾಡಿ. ಪಕ್ಕದಲ್ಲೇ ಒಂದು ಟೇಬಲ್ ಹಾಕಿ. ಸಿಇಟಿ, ನೀಟ್‌ನಲ್ಲಿ ಸೀಟು ಸಿಕ್ಕವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಇದೆ, ಸೇವಾ ಶುಲ್ಕ ನೂರಕ್ಕೆ 2 ಮಾತ್ರ. ಚಿಕ್ಕ ಮಕ್ಕಳಿಗೆ ಆರನೇ ತರಗತಿಯಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆ. ಎಷ್ಟೋ ತಂದೆತಾಯಿಗೆ ಇದು ಗೊತ್ತಿಲ್ಲ. ಜಾತಿ, ಆದಾಯ ಪತ್ರ ತುಂಬಿಕೊಡಲು ಇಬ್ಬರು ಹುಡುಗರನ್ನು ಅಲ್ಲೇ ಕೂರಿಸಿ. ಶಾಲಿನ ದುಡ್ಡು ಉಳಿಸಿ ನೋಟ್‌ಬುಕ್ ಕೊಡಿ. ಪಟ್ಟಿಗೆ ಹೆಸರು ಬೇಕಾದರೆ ಮಸೀದಿಯಲ್ಲಿ ಘೋಷಣೆ ಮಾಡಿದರೆ ಸಾಲದು, ಅಲ್ಲಿ ಕೇಳುವವರು ಗಂಡಸರು ಮಾತ್ರ. ಟೇಲರ್ ಅಂಗಡಿ, ಹಿಟ್ಟಿನ ಗಿರಣಿ, ಅಂಗನವಾಡಿ ಕಡೆ ಹೋಗಿ ಕೇಳಿ. ಓಣಿಯ ಸುದ್ದಿ ಎಲ್ಲಾ ಅಲ್ಲೇ ಇರುತ್ತದೆ.

ನವನಗರದವ:
ಎಲ್ಲರಿಗೂ ಶುಕ್ರಿಯಾ. ಮೇಷ್ಟ್ರು ಹೇಳಿದ ಹಾಗೆ ಮೊನ್ನೆ ಸೆಕ್ಟರ್‌ನ ಗಿರಣಿಗೆ ಹೋಗಿದ್ದೆ. ಅರ್ಧ ಗಂಟೆಯಲ್ಲಿ ಏಳು ಹೆಸರು ಸಿಕ್ಕವು! ಒಬ್ಬಳು ಹುಡುಗಿ ಲಾ ಮುಗಿಸಿ ಕೋರ್ಟಿಗೆ ಹೋಗುತ್ತಿದ್ದಾಳೆ, ಹಳೇ ಊರಲ್ಲಿ ಅವರ ಮನೆ ನಮ್ಮ ಮನೆಗೆ ಅಂಟಿಕೊಂಡೇ ಇತ್ತು, ನನಗೇ ಗೊತ್ತಿರಲಿಲ್ಲ. ಗೋಕಾಕದ ಅಕ್ಕಾ, ನಿಮ್ಮ ಮಾತು ಹಿರಿಯರ ಮುಂದೆ ಇಟ್ಟೆ. ಮೊದಲೆರಡು ಸಾಲು ತಾಯಂದಿರಿಗೆ, ವೇದಿಕೆಗೆ ಮಕ್ಕಳ ಜೊತೆ ಅವರೂ ಬರಲಿ ಅಂತ ಒಪ್ಪಿದ್ದಾರೆ. ಭಾಷಣ ಇಬ್ಬರದೇ, ಹತ್ತತ್ತು ನಿಮಿಷ.

ಖಾಲಾನ ಮನೆಗೂ ಹೋಗಿದ್ದೆ. ನಾನೇನು ಮಾಡಿದ್ದೀನಿ ಬೇಟಾ, ನಂಗ್ಯಾಕೆ ಅಂದರು, ಎರಡು ಸಲ ಬೇಡ ಅಂದರು. ಸನ್ಮಾನ ಅಲ್ಲ, ಒಂದಿಷ್ಟು ಪ್ರಶ್ನೆ ಕೇಳುತ್ತೇವೆ, ಉತ್ತರ ಹೇಳಿ ಸಾಕು ಅಂದೆ. ಏನು ಪ್ರಶ್ನೆ ಅಂದರು. ಮೊದಲನೇ ಫೀ ಎಲ್ಲಿಂದ ತಂದಿರಿ ಅಂದೆ. ಹೊಲಿಗೆ ಮಷೀನ್ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಅಲ್ಲೇ ಹೇಳಲು ಶುರು ಮಾಡಿದರು, ನಾನು ಮನೆಗೆ ಬಂದಾಗ ರಾತ್ರಿಯ ಇಶಾ ನಮಾಜ್ ಮುಗಿದಿತ್ತು.