ಆಮದಿನ ಕಾಗದಪತ್ರ: ಸಂಘದಿಂದ ಅಭಿಪ್ರಾಯ ಕಳಿಸಬೇಕು, ನಿಮಗೆ ಏನಾಯಿತು ಹೇಳಿ

ಹೂಟಗಳ್ಳಿ ಕಸೂತಿ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೂಟಗಳ್ಳಿಯಲ್ಲಿ ನನ್ನದೊಂದು ಸಣ್ಣ ಕಸೂತಿ ಘಟಕ ಇದೆ. ಚೀನಾದಿಂದ ಆರು ಹೆಡ್‌ನ ಹೊಸ ಎಂಬ್ರಾಯ್ಡರಿ ಯಂತ್ರ ತರಿಸುತ್ತಿದ್ದೇನೆ. ಇದೇ ಮೊದಲ ಸಲ. ಆಮದು ಮಾಡಲು ಬೇಕಾದ ಕೋಡ್ ನಂಬರ್, ಅಂದರೆ ಐಇಸಿ, ಮಾಡಿಸಿದ್ದೇನೆ. ಮಾಲು ಮುಂದಿನ ವಾರ ಹಡಗು ಹತ್ತಿ ಚೆನ್ನೈಗೆ ಬರುತ್ತದೆ.

ಇದರ ಜೊತೆಗೆ ಇನ್ನೊಂದು ಕೆಲಸ ಬಂದಿದೆ. ಆಮದು ಮಾಡುವವರಿಂದ ಕೇಳುವ ಕಾಗದಗಳಲ್ಲಿ ಯಾವುದು ಬೇಕು, ಯಾವುದು ಹೊರೆ ಎಂದು ಸದಸ್ಯರ ಅಭಿಪ್ರಾಯ ಸೇರಿಸಿ ಕಸ್ಟಮ್ಸ್‌ಗೆ ಕಳಿಸೋಣ ಎಂದು ನಮ್ಮ ಸಂಘ ತೀರ್ಮಾನಿಸಿದೆ. ಬರೆಯುವ ಜವಾಬ್ದಾರಿ ನನ್ನದು. ಹಾಗಾಗಿ ಎರಡು ಪ್ರಶ್ನೆ. ಮೊದಲ ಸಲ ತರಿಸುವವರು ಎಲ್ಲಿ ಎಡವುತ್ತಾರೆ? ಸಂಘದ ಪತ್ರದಲ್ಲಿ ಏನು ಬರೆಯಲಿ?

ಅಶೋಕಾ ರಸ್ತೆ ಪ್ರಿಂಟರ್

ಮೇಡಂ, ನಾನು ಜಪಾನಿನಿಂದ ಹಳೆಯ ಆಫ್‌ಸೆಟ್ ಯಂತ್ರ ತರಿಸಿದೆ. ಅದರ ಕಥೆ ಪೂರ್ತಿ ಹೇಳುತ್ತೇನೆ, ಬೇಕಾದ್ದು ತೆಗೆದುಕೊಳ್ಳಿ.

ಇನ್‌ವಾಯ್ಸ್ 14 ಲಕ್ಷ. ಸೆಕೆಂಡ್ ಹ್ಯಾಂಡ್ ಯಂತ್ರಕ್ಕೆ ಚಾರ್ಟರ್ಡ್ ಎಂಜಿನಿಯರ್ ಸರ್ಟಿಫಿಕೇಟ್ ಬೇಕು ಎಂದು ನನಗೂ ಗೊತ್ತಿತ್ತು. ಮಾರಿದವನು ಅಲ್ಲೇ ಮಾಡಿಸಿ ಕಳಿಸಿದ. ತಯಾರಾದ ವರ್ಷ, ಹೊಸದಿದ್ದಾಗಿನ ಬೆಲೆ, ಈಗಿನ ಸ್ಥಿತಿ, ರಿಪೇರಿಗೆ ಆದ ಖರ್ಚು, ಎಲ್ಲ ಅದರಲ್ಲಿ ಇರಬೇಕು. ಹೊಸದಿದ್ದಾಗಿನ ಬೆಲೆ ಬರೆಯುವ ಜಾಗ ಖಾಲಿ ಇತ್ತು. ಒಂದೇ ಒಂದು ಸಾಲು. ಸರ್ಟಿಫಿಕೇಟ್ ಒಪ್ಪಲಿಲ್ಲ. ಇಲ್ಲಿನ ಎಂಜಿನಿಯರ್ ಬಂದು ಕಂಟೇನರ್ ತೆರೆಸಿ ನೋಡಿದರು. ಬೆಲೆ 19 ಲಕ್ಷ ಎಂದು ಏರಿತು. ಡ್ಯೂಟಿ ಕಟ್ಟಿದ್ದು ಆ ಲೆಕ್ಕದ ಮೇಲೆ.

ಡ್ಯೂಟಿಯಾದರೂ ಹೋಗಲಿ. ಈ 23 ದಿನದ ಲೆಕ್ಕ ನೋಡಿ. ಕಂಟೇನರ್ ಇಳಿಸಿಡುವ ಸಿಎಫ್‌ಎಸ್ ಯಾರ್ಡಿನ ಗ್ರೌಂಡ್ ರೆಂಟ್ 61,000. ಕಂಟೇನರ್ ತಡವಾಗಿ ವಾಪಸ್ ಕೊಟ್ಟಿದ್ದಕ್ಕೆ ಹಡಗು ಕಂಪನಿಯ ಡಿಟೆನ್ಷನ್ 1,12,000. ಎಂಜಿನಿಯರ್ ಫೀ 12,000. ಕಂಟೇನರ್ ಬಿಚ್ಚಿ ಮತ್ತೆ ತುಂಬಿದ್ದಕ್ಕೆ 8,500. ಒಟ್ಟು 1,93,500. ಆ ವರ್ಷ ನನ್ನ ಮಗಳ ಕಾಲೇಜು ಫೀಗೆ ಇಟ್ಟಿದ್ದ ಹಣ ಅದು. ಖಾಲಿ ಬಿಟ್ಟ ಒಂದು ಸಾಲಿಗೆ ಹೋಯಿತು.

ಮದ್ದೂರು ರೈಸ್ ಮಿಲ್

ಅಕ್ಕ, ನಿಮ್ಮ ಐಇಸಿ ಆಗಿದೆ ಅಂದಿರಲ್ಲ, ಅಲ್ಲೇ ನಿಲ್ಲಬೇಡಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಸೈಟ್‌ಗೆ ಹೋಗಿ ಅದನ್ನು ಅಪ್‌ಡೇಟ್ ಮಾಡಬೇಕು. ಏನೂ ಬದಲಾಗದಿದ್ದರೂ ಏನೂ ಬದಲಾಗಿಲ್ಲ ಎಂದು ಒತ್ತಬೇಕು. ಮಾಡದಿದ್ದರೆ ಐಇಸಿ ನಿಷ್ಕ್ರಿಯ ಆಗುತ್ತದೆ.

ನನಗೆ ಇದು ಗೊತ್ತಾಗಿದ್ದು ಜುಲೈನಲ್ಲಿ. ಅಕ್ಕಿಯ ಬಣ್ಣ ನೋಡಿ ಬೇರ್ಪಡಿಸುವ ನಮ್ಮ ಕಲರ್ ಸಾರ್ಟರ್‌ನ ಕ್ಯಾಮೆರಾ ಬೋರ್ಡ್ ಸುಟ್ಟಿತ್ತು. ಬೇಸಿಗೆ ಭತ್ತ ಗೋದಾಮಿನ ತುಂಬ ಇತ್ತು. ಹೊರಗಿನಿಂದ ಬೋರ್ಡ್ ವಿಮಾನದಲ್ಲಿ ತರಿಸಿದೆ. ಬೋರ್ಡ್ ಬೆಂಗಳೂರಿಗೆ ಬಂದು ಕೂತಿತು, ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ, ಅಂದರೆ ಬಿಲ್ ಆಫ್ ಎಂಟ್ರಿ, ಹಾಕಲು ಹೋದರೆ ಸಿಸ್ಟಮ್ ನನ್ನ ಐಇಸಿ ಒಪ್ಪುತ್ತಿಲ್ಲ. ಅಪ್‌ಡೇಟ್ ಮಾಡಿದರೆ ಮತ್ತೆ ಚಾಲೂ ಆಗುತ್ತದೆ, ಸರಿ. ಆದರೆ ಒಟಿಪಿ ಹೋಗುತ್ತಿದ್ದುದು ಕೆಲಸ ಬಿಟ್ಟು ಹೋದ ಗುಮಾಸ್ತನ ಮೊಬೈಲ್‌ಗೆ! ಅವನನ್ನು ಪಾಂಡವಪುರದಲ್ಲಿ ಹುಡುಕಿ, ಮನೆ ಮುಂದೆ ಕೂತು ಒಟಿಪಿ ತೆಗೆದುಕೊಂಡೆ. ಐದು ದಿನ ತಡ. ಮೊದಲ ಮೂರು ದಿನಕ್ಕೆ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000. ಒಟ್ಟು 35,000 ದಂಡ. ಬೋರ್ಡ್ ಬೆಲೆ 42,000. ಮಿಲ್ ನಿಂತಿದ್ದಕ್ಕೆ ಲೆಕ್ಕ ಹಾಕಿಲ್ಲ, ಹಾಕಿದರೆ ನಿದ್ದೆ ಬರುವುದಿಲ್ಲ.

ಸಂಘದ ಪತ್ರದಲ್ಲಿ ಇದನ್ನು ಬರೆಯಿರಿ. ಜೂನ್ ಕೊನೆ ವಾರ ಒಂದು ಫೋನ್ ಸಂದೇಶ, ಅದೂ ಕನ್ನಡದಲ್ಲಿ, ಬಂದಿದ್ದರೆ ನನಗೆ ಇಷ್ಟು ಆಗುತ್ತಿರಲಿಲ್ಲ.

ವೈಟ್‌ಫೀಲ್ಡ್ ಸಿಎಚ್‌ಎ

ನಾನು ಶ್ರೀರಂಗಪಟ್ಟಣದವನು. 19 ವರ್ಷದಿಂದ ಬೆಂಗಳೂರಿನಲ್ಲಿ ಸಿಎಚ್‌ಎ, ಅಂದರೆ ಕಸ್ಟಮ್ಸ್‌ನಿಂದ ಮಾಲು ಬಿಡಿಸಿಕೊಡುವ ಏಜೆಂಟ್ ಕೆಲಸ. ಮೇಲಿನ ಇಬ್ಬರ ಕಷ್ಟವೂ ನಿಜ. ಆದರೆ ಎರಡರಲ್ಲೂ ಕಾಗದ ಜಾಸ್ತಿ ಇದ್ದದ್ದು ಕಾರಣವಲ್ಲ, ಮಾಲು ಹೊರಡುವ ಮೊದಲು ಕಾಗದ ನೋಡದಿದ್ದದ್ದು ಕಾರಣ. ಪ್ರಿಂಟರ್ ಸಾರ್, ಆ ಸರ್ಟಿಫಿಕೇಟನ್ನು ನಿಮ್ಮ ಏಜೆಂಟ್‌ಗೆ ಹಡಗು ಹತ್ತುವ ಮೊದಲೇ ವಾಟ್ಸಾಪ್ ಮಾಡಿದ್ದಿರಾ? ನನ್ನ ಹತ್ತಿರ ಬರುವ ಹತ್ತು ಜನರಲ್ಲಿ ಎಂಟು ಜನ ಹಡಗು ಕಂಪನಿ ಕೊಡುವ ಮಾಲಿನ ರಸೀದಿ, ಅಂದರೆ ಬಿಎಲ್, ಕೈಗೆ ಬಂದ ಮೇಲೆ ಫೋನ್ ಮಾಡುತ್ತಾರೆ.

2021ರಿಂದ ನಿಯಮ ಬದಲಾಗಿದೆ. ಹಡಗು ಬರುವ ಹಿಂದಿನ ದಿನ ಮುಗಿಯುವುದರೊಳಗೆ ಬಿಲ್ ಆಫ್ ಎಂಟ್ರಿ ಬಿದ್ದಿರಬೇಕು. ಭಾನುವಾರ, ಹಬ್ಬ ಯಾವುದೂ ಲೆಕ್ಕಕ್ಕಿಲ್ಲ. ದಸರಾ ರಜೆ ಮುಗಿಸಿ ಕಾಗದ ಕಳಿಸುತ್ತೇನೆ ಎಂದ ಮೈಸೂರಿನ ಪಾರ್ಟಿ ಒಬ್ಬರಿಗೆ ನನ್ನ ಕೈಯಲ್ಲೇ ದಂಡ ಬಿದ್ದಿದೆ. ಬೈಸಿಕೊಂಡವನು ನಾನು.

ಅಶೋಕಾ ರಸ್ತೆ ಪ್ರಿಂಟರ್

ಕಳಿಸಿದ್ದೆ ಸಾರ್. ಹಡಗು ಹತ್ತುವ ಒಂಬತ್ತು ದಿನ ಮೊದಲೇ ಕಳಿಸಿದ್ದೆ. ಏಜೆಂಟ್ "ಓಕೆ" ಅಂದರು. ಆ ಸಂದೇಶ ಇವತ್ತಿಗೂ ನನ್ನ ಫೋನ್‌ನಲ್ಲಿದೆ. ತೊಂದರೆ ಆದಾಗ "ಆಫೀಸರ್ ಕೇಳಿದರೆ ನಾವೇನು ಮಾಡೋಣ" ಎಂದರು. 19 ವರ್ಷದ ಅನುಭವ ಅಂತ ಹೇಳಿ ಎಲ್ಲ ತಪ್ಪನ್ನೂ ನಮ್ಮ ತಲೆಗೆ ಕಟ್ಟಬೇಡಿ.

ವೈಟ್‌ಫೀಲ್ಡ್ ಸಿಎಚ್‌ಎ

ನೋಡದೆ ಓಕೆ ಅಂದಿದ್ದರೆ ಅದು ತಪ್ಪೇ, ಒಪ್ಪುತ್ತೇನೆ. ನನ್ನ ಮಾತು ನಿಮ್ಮ ವಿಷಯದಲ್ಲಿ ಹಿಂದಕ್ಕೆ ತೆಗೆದುಕೊಂಡೆ. ಆದರೆ 3,500 ರೂಪಾಯಿ ಏಜೆನ್ಸಿ ಚಾರ್ಜಿಗೆ ಮೂರು ಜನರ ಹತ್ತಿರ ಚೌಕಾಸಿ ಮಾಡಿ, ಅತಿ ಕಡಿಮೆ ಹೇಳಿದವರಿಗೆ ಕೆಲಸ ಕೊಡುವ ಪದ್ಧತಿಯೂ ಇದೆ. ಅದನ್ನೂ ಯಾರಾದರೂ ಹೇಳಬೇಕಲ್ವಾ.

ಬನ್ನಿಮಂಟಪ ಊದುಬತ್ತಿ

ನೀವಿಬ್ಬರೂ ಕಾಗದದ ಗಾಯ ನೋಡಿದ್ದೀರಿ, ಕ್ಯಾರೊಟಾರ್ ನೋಡಿಲ್ಲ. ಒಪ್ಪಂದದ ಸುಂಕ ರಿಯಾಯಿತಿ ಬೇಕಾದರೆ ಮಾಲು ಯಾವ ದೇಶದ್ದು ಎಂದು ತೋರಿಸಬೇಕೆನ್ನುವ ಕಸ್ಟಮ್ಸ್ ನಿಯಮ ಅದು.

ನಾನು ವಿಯೆಟ್ನಾಂನಿಂದ ಊದುಬತ್ತಿ ಹೊಸೆಯುವ ಯಂತ್ರ ತರಿಸಿದೆ. ಬೆಲೆ 20 ಲಕ್ಷ. ಆಸಿಯಾನ್ ಒಪ್ಪಂದದ ಸರ್ಟಿಫಿಕೇಟ್ ಆಫ್ ಒರಿಜಿನ್ ಇದ್ದರೆ ಮೂಲ ಸುಂಕ ಇಲ್ಲ. ಇಲ್ಲದಿದ್ದರೆ 7.5% ಸುಂಕ 1,50,000, ಅದರ ಮೇಲೆ ಸರ್ಚಾರ್ಜ್ 15,000. ಆಮದಿನ ಮೇಲಿನ ಜಿಎಸ್‌ಟಿ, ಅಂದರೆ ಐಜಿಎಸ್‌ಟಿ, ಹೇಗೂ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ. ಅಂದರೆ ಉಳಿತಾಯ 1,65,000. ಆ ಸರ್ಟಿಫಿಕೇಟ್, ಅಂದರೆ ಫಾರ್ಮ್ ಎಐ, ತರಿಸಿದೆ. ಸಹಿ, ಸೀಲು ಎಲ್ಲ ಸರಿ ಇತ್ತು.

2020ರ ಸೆಪ್ಟೆಂಬರ್ 21ರಿಂದ ಸರ್ಟಿಫಿಕೇಟ್ ಒಂದಿದ್ದರೆ ಸಾಲದು. ಮಾಲು ಆ ದೇಶದಲ್ಲೇ ತಯಾರಾಗಿದ್ದು ಹೇಗೆ ಎಂಬ ವಿವರ ಆಮದು ಮಾಡುವವನ ಹತ್ತಿರ ಇರಬೇಕು. ಐದು ವರ್ಷ ಇಟ್ಟುಕೊಂಡಿರಬೇಕು. ಕೇಳಿದರೆ ಹತ್ತು ಕೆಲಸದ ದಿನದಲ್ಲಿ ಕೊಡಬೇಕು. ನನ್ನನ್ನು ಕೇಳಿದರು. ಮೋಟಾರ್ ಎಲ್ಲಿಯದು? ಬೇರಿಂಗ್ ಎಲ್ಲಿಯದು? ಆಸಿಯಾನ್ ದೇಶದ ಪಾಲು 35% ಇದೆಯಾ? ಮೋಟಾರ್ ಚೀನಾದ್ದು, ಅದು ಕಣ್ಣಿಗೇ ಕಾಣುತ್ತಿತ್ತು. ಉಳಿದ ಲೆಕ್ಕ ನನಗೆ ಹೇಗೆ ಗೊತ್ತಿರುತ್ತದೆ? ತಯಾರಕನನ್ನು ಕೇಳಿದರೆ "ಅದು ನಮ್ಮ ಗುಟ್ಟು, ನಿಮಗೇಕೆ ಹೇಳಬೇಕು" ಎಂದ. ಅವನ ದೃಷ್ಟಿಯಿಂದ ಅವನದೂ ಸರಿ.

ಕೊನೆಗೆ ಡ್ಯೂಟಿ ವ್ಯತ್ಯಾಸಕ್ಕೆ ಬ್ಯಾಂಕ್ ಗ್ಯಾರಂಟಿ ಕೊಟ್ಟು ಮಾಲು ಬಿಡಿಸಿದೆ. ಐಜಿಎಸ್‌ಟಿ ವ್ಯತ್ಯಾಸವೂ ಸೇರಿ 1,94,700. ಬ್ಯಾಂಕ್‌ನವರು ಪೂರ್ತಿ ಹಣ ಎಫ್‌ಡಿ ಇಡಿಸಿಕೊಂಡರು. ಆ ಹಣ ಹದಿನಾಲ್ಕು ತಿಂಗಳು ಸಿಕ್ಕಿಕೊಂಡಿತ್ತು. ಎರಡನೇ ಸಲ ಯಂತ್ರ ತರಿಸಿದಾಗ ಒಪ್ಪಂದವೇ ಬೇಡ ಎಂದು ಪೂರ್ತಿ ಸುಂಕ ಕಟ್ಟಿದೆ. ಕೊಟ್ಟ ರಿಯಾಯಿತಿಯನ್ನು ಸಣ್ಣವರು ಹೆದರಿ ಬಿಡುವ ಹಾಗೆ ಆಗಿದೆ. ಪತ್ರದಲ್ಲಿ ಮೊದಲ ಸಾಲೇ ಇದಾಗಬೇಕು.

ಬಿದಿರು ಕಡ್ಡಿಯದು ಇನ್ನೊಂದು ಕಥೆ. 2020ರ ಜೂನ್‌ನಲ್ಲಿ ಸುಂಕ 10ರಿಂದ 25%ಗೆ ಏರಿಸಿದರು. ಅವತ್ತು ನಮ್ಮನ್ನು ಯಾರೂ ಕೇಳಲಿಲ್ಲ.

ಎಚ್.ಡಿ. ಕೋಟೆ ಬಿದಿರು

ಕೇಳಬೇಕಾಗಿತ್ತು, ಸರಿ. ಹಾಗಾದರೆ ನಮ್ಮನ್ನೂ ಕೇಳಬೇಕಿತ್ತು. ಕಾಡಿನ ಹೊರಗೆ ಬೆಳೆದ ಬಿದಿರು ಮರವಲ್ಲ ಎಂದು ಕಾನೂನು ತಿದ್ದಿದ್ದೇ 2017ರಲ್ಲಿ. ಅದನ್ನು ನಂಬಿ ಎರಡು ಎಕರೆ ಬಿದಿರು ಹಾಕಿದೆ. ಹೊರಗಿನ ಕಡ್ಡಿ ಅಗ್ಗಕ್ಕೆ ಬಂದು ಬೀಳುತ್ತಿದ್ದರೆ ನನ್ನ ಬಿದಿರನ್ನು ಯಾರು ಕೊಳ್ಳುತ್ತಾರೆ? ಮೈಸೂರು ಊದುಬತ್ತಿ ಎಂದು ಹೆಸರು ಹೇಳಿ ಮಾರುತ್ತೀರಿ, ಕಡ್ಡಿ ಮಾತ್ರ ಹಡಗಿನಲ್ಲಿ ಬರಬೇಕು.

ಬನ್ನಿಮಂಟಪ ಊದುಬತ್ತಿ

ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಆದರೆ ಸುಮ್ನೆ ದೇಶಾಭಿಮಾನದ ಮಾತು ಬೇಡ. ನಮ್ಮ ಕಡೆ ಸಿಕ್ಕ ಕಡ್ಡಿ ಮೂರು ಕ್ವಿಂಟಲ್ ಕೊಂಡೆ. ದಪ್ಪ ಒಂದೇ ಸಮ ಇರಲಿಲ್ಲ. ಯಂತ್ರದ ಬಾಯಲ್ಲಿ ಸಿಕ್ಕಿ ಮುರಿಯುತ್ತಿತ್ತು. ಕೆಲಸದ ಹೆಣ್ಣುಮಕ್ಕಳು ದಿನವಿಡೀ ಯಂತ್ರ ಬಿಚ್ಚಿ ಕಡ್ಡಿ ಚೂರು ತೆಗೆಯುತ್ತಾ ಕೂತರು. ಅವರದು ಪೀಸ್ ಲೆಕ್ಕದ ಕೂಲಿ. ಅವರ ನಷ್ಟ ಯಾರು ಕೊಡುತ್ತಾರೆ?

ಎಚ್.ಡಿ. ಕೋಟೆ ಬಿದಿರು

ಒಂದೇ ದಪ್ಪಕ್ಕೆ ಸೀಳುವ ಯಂತ್ರ ನಮಗೂ ಬೇಕು. ಅದೂ ಹೊರಗಿನಿಂದಲೇ ಬರಬೇಕು. ವಿಚಾರಿಸಿದೆ, ಈ ಕಾಗದಗಳ ಪಟ್ಟಿ ಕೇಳಿಯೇ ಕೈ ಬಿಟ್ಟೆ. ಹಾಗಾಗಿ ಈ ಮಾತುಕತೆ ನನಗೂ ಸೇರಿದ್ದು.

ನಂಜನಗೂಡು ಇಂಪೋರ್ಟ್ ಸೆಕ್ಷನ್

ಕಡ್ಡಿ ಜಗಳ ಬೇರೆ ಕಡೆ ಇಟ್ಟುಕೊಳ್ಳಿ ದಯವಿಟ್ಟು. ಪತ್ರದ ವಿಷಯಕ್ಕೆ ಬರೋಣ.

ನಾನು ಒಂದು ಕಾರ್ಖಾನೆಯ ಆಮದು ವಿಭಾಗದಲ್ಲಿದ್ದೇನೆ. "ಕಾಗದ ಕಡಿಮೆ ಮಾಡಿ" ಎಂದು ಬರೆದರೆ ಉತ್ತರ ಏನು ಬರುತ್ತದೆ ಗೊತ್ತಾ? 2015ರಲ್ಲೇ ಕಡ್ಡಾಯ ಕಾಗದ ಮೂರಕ್ಕೆ ಇಳಿಸಿದ್ದೇವೆ ಎನ್ನುತ್ತಾರೆ. ಬಿಎಲ್ ಅಥವಾ ಏರ್‌ವೇ ಬಿಲ್, ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟ್ ಒಟ್ಟಿಗೆ, ಬಿಲ್ ಆಫ್ ಎಂಟ್ರಿ. ಅದು ನಿಜವೂ ಹೌದು. ಆದರೆ ಮಾಲಿಗೆ ತಕ್ಕಂತೆ ಬೇರೆ ಇಲಾಖೆಗಳ ಕಾಗದ ಸೇರುತ್ತಾ ಹೋಗುತ್ತದೆ. ತಿನ್ನುವ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ, ಆಟಿಕೆಗೆ ಬಿಐಎಸ್, ಗಿಡಮೂಲದ್ದಕ್ಕೆ ಸಸ್ಯ ಕ್ವಾರಂಟೈನ್. ಹೊರೆ ಇರುವುದು ಅಲ್ಲಿ.

ನಮ್ಮ ಹಕ್ಕನ್ನು ಹೇಳಿ ಬರೆಯಿರಿ. ಡಬ್ಲ್ಯುಟಿಒ ವ್ಯಾಪಾರ ಸುಗಮಗೊಳಿಸುವ ಒಪ್ಪಂದ 2017ರ ಫೆಬ್ರವರಿ 22ರಿಂದ ಜಾರಿಯಲ್ಲಿದೆ, ಭಾರತವೂ ಅದರಲ್ಲಿದೆ. ಹೊಸ ನಿಯಮಕ್ಕೆ ಮುಂಚೆ ವ್ಯಾಪಾರಿಗಳ ಅಭಿಪ್ರಾಯಕ್ಕೆ ಅವಕಾಶ ಕೊಡಬೇಕು, ಕೇಳುವ ಕಾಗದಗಳನ್ನು ಆಗಾಗ ಪರಿಶೀಲಿಸಬೇಕು ಎಂದು ಅದರಲ್ಲಿದೆ. 2025ರ ಜನವರಿಯಲ್ಲಿ ನಮ್ಮ ವಿದೇಶ ವ್ಯಾಪಾರ ನೀತಿಗೂ 1.07ಎ, 1.07ಬಿ ಎಂಬ ಪ್ಯಾರಾ ಸೇರಿಸಿದರು. ನೀತಿ ಬದಲಿಸುವಾಗ ಸಂಬಂಧಪಟ್ಟವರ ಸಲಹೆ ಕೇಳಬೇಕು ಎಂಬುದು ಅದರ ತಿರುಳು. ಕಸ್ಟಮ್ಸ್ ಕಚೇರಿಗಳಲ್ಲಿ ವ್ಯಾಪಾರಿಗಳ ಜೊತೆ ಕೂರುವ ಸಮಿತಿಯೂ ಇದೆ, ಪಿಟಿಎಫ್‌ಸಿ ಎನ್ನುತ್ತಾರೆ. ಸಂಘದ ಪತ್ರ ಅಲ್ಲಿಗೂ ಹೋಗಲಿ.

ಮದ್ದೂರು ರೈಸ್ ಮಿಲ್

ಸಾರ್, ಇಷ್ಟೆಲ್ಲ ಪ್ಯಾರಾ ನಿಮ್ಮ ಕಾರ್ಖಾನೆಗೆ ಸರಿ. ಅಲ್ಲಿ ಇದಕ್ಕೇ ಆರು ಜನ ಇರುತ್ತಾರೆ. ಮಿಲ್‌ನಲ್ಲಿ ನಾನೇ ಗುಮಾಸ್ತ, ನಾನೇ ಮಾಲೀಕ, ನಾನೇ ತಕ್ಕಡಿ ನೋಡುವವನು. ನಮ್ಮಂಥವರು ಸಭೆಗೆ ಬೆಂಗಳೂರಿಗೆ ಬರುವುದು ಯಾವಾಗ?

ನಂಜನಗೂಡು ಇಂಪೋರ್ಟ್ ಸೆಕ್ಷನ್

ಇಬ್ಬರೇ ಇರುವುದು ಸರ್. ನನಗೂ ರಾತ್ರಿ ಹನ್ನೊಂದಕ್ಕೆ ಕಸ್ಟಮ್ಸ್‌ನವರ ಪ್ರಶ್ನೆ, ಅಂದರೆ ಕ್ವೆರಿ, ಬರುತ್ತದೆ. ನಿಮ್ಮ ಕಷ್ಟ ಸಣ್ಣದು ಎಂದು ನಾನು ಹೇಳಲೇ ಇಲ್ಲ. ನೀವು ಬರಲಾಗದು ಎಂದೇ ಸಂಘದವರು ಬರೆಯುತ್ತಿದ್ದಾರೆ.

ಅಶೋಕಾ ರಸ್ತೆ ಪ್ರಿಂಟರ್

ಫೇಸ್‌ಲೆಸ್ ವಿಷಯ ಸೇರಿಸಿ. 2020ರ ಜೂನ್ 8ರಂದು ಮೊಟ್ಟಮೊದಲು ಶುರುವಾದದ್ದೇ ಬೆಂಗಳೂರು, ಚೆನ್ನೈನಲ್ಲಿ, ಅದೂ ಯಂತ್ರಗಳ ಮೇಲೆ, ಅಂದರೆ ಸುಂಕದ ಪಟ್ಟಿಯ 84, 85ನೇ ಅಧ್ಯಾಯ. ಬೇರೆ ಊರಿನಲ್ಲಿ ಕೂತ ಆಫೀಸರ್ ಪರದೆಯಲ್ಲಿ ನೋಡಿ ಪ್ರಶ್ನೆ ಹಾಕುತ್ತಾರೆ. ಲಂಚದ ಮಾತೇ ಇಲ್ಲ, ಅದು ಒಳ್ಳೆಯದು, ಮನಸಾರೆ ಹೇಳುತ್ತೇನೆ. ಆದರೆ ಯಂತ್ರ ತೋರಿಸಿ "ನೋಡಿ ಸ್ವಾಮಿ, ಇದು ಇಂಥದ್ದು" ಎನ್ನಲು ಎದುರಿಗೆ ಯಾರೂ ಇಲ್ಲ. ಎಲ್ಲ ಪ್ರಶ್ನೆ ಒಂದೇ ಸಲ ಕೇಳಿ ಎಂದು ಬರೆಯಿರಿ. ನನಗೆ ಮೂರು ಸಲ ಬಂತು. ಒಂದಕ್ಕೆ ಉತ್ತರಿಸಿದ ಮೇಲೆ ಇನ್ನೊಂದು.

ವೈಟ್‌ಫೀಲ್ಡ್ ಸಿಎಚ್‌ಎ

ಈ ಮಾತಿಗೆ ನನ್ನ ಎರಡೂ ಕೈ ಎತ್ತುತ್ತೇನೆ. ಒಂದೊಂದೇ ಕ್ವೆರಿ ಬಂದರೆ ಬಾಡಿಗೆ ಓಡುತ್ತಲೇ ಇರುತ್ತದೆ. ಜಪ್ತಿ ಮಾಡಿದ, ತಡೆಹಿಡಿದ ಮಾಲಿಗೆ ಸಿಎಫ್‌ಎಸ್ ಬಾಡಿಗೆ ಹಾಕಬಾರದು ಎಂದು 2009ರ ನಿಯಮ ಇದೆ. ಕ್ವೆರಿಯಲ್ಲಿ ನಿಂತ ಮಾಲಿಗೆ ಆ ರಕ್ಷಣೆ ಸಿಗುವುದಿಲ್ಲ. ಇದನ್ನು ನಾವು ಏಜೆಂಟರೂ ಬರೆಯುತ್ತಿದ್ದೇವೆ.

ಕಸೂತಿ ಮೇಡಂ, ನಿಮ್ಮನ್ನು ಎಲ್ಲರೂ ಮರೆತೆವು. ನಿಮ್ಮ ಯಂತ್ರ ಮರದ ಪೆಟ್ಟಿಗೆಯಲ್ಲಿ ಬರುತ್ತದಾ? ಮರದ ಮೇಲೆ, ಹುಳು ಇಲ್ಲದಂತೆ ಸಂಸ್ಕರಿಸಿದ್ದಾರೆ ಎಂದು ಹೇಳುವ ಐಪಿಪಿಸಿ ಮುದ್ರೆ ಇರಲೇಬೇಕು. ಗೋಧಿ ತೆನೆಯ ಗುರುತು, ದೇಶದ ಅಕ್ಷರ ಸಿಎನ್, ನಂಬರ್, ಬಿಸಿ ಮಾಡಿದ್ದಕ್ಕೆ ಎಚ್‌ಟಿ. ಅದಿಲ್ಲದಿದ್ದರೆ ಇಲ್ಲಿ ಫ್ಯೂಮಿಗೇಷನ್, ದಂಡ, ಮತ್ತೆ ದಿನಗಳು. ಯಂತ್ರದ ಕಾಗದ ಪೂರ್ತಿ ಸರಿಯಿದ್ದು ಪೆಟ್ಟಿಗೆಯಿಂದಾಗಿ ನಿಂತ ಮಾಲು ನಾನು ಬೇಕಾದಷ್ಟು ನೋಡಿದ್ದೇನೆ. ಇವತ್ತೇ ಫೋಟೊ ತರಿಸಿ.

ಹೂಟಗಳ್ಳಿ ಕಸೂತಿ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಒಟಿಪಿ ಯಾವ ನಂಬರ್‌ಗೆ ಹೋಗುತ್ತದೆ ನೋಡಿದೆ, ನನ್ನದೇ ಇದೆ. ಕ್ಯಾರೊಟಾರ್, ಒಂದೇ ಸಲ ಕ್ವೆರಿ, ಜೂನ್ ಕನ್ನಡ ಸಂದೇಶ, ಈ ಮೂರನ್ನು ಪತ್ರದಲ್ಲಿ ಬರೆದಾಯಿತು. ಕೋಟೆಯವರೆ, ಸೀಳುವ ಯಂತ್ರದ ವಿಷಯವನ್ನೂ ಸೇರಿಸುತ್ತೇನೆ.

ಫೋಟೊ ಈಗ ಬಂತು. ಅಡಿ ಪ್ಯಾಲೆಟ್ ಮೇಲೆ ಮುದ್ರೆ ಇದೆ, ಸಿಎನ್, ಎಚ್‌ಟಿ ಎರಡೂ ಕಾಣುತ್ತವೆ. ಆದರೆ ಮೇಲಿನ ಪೆಟ್ಟಿಗೆಯ ಹಲಗೆಗಳ ಮೇಲೆ ಏನೂ ಇಲ್ಲ. ಪ್ಲೈವುಡ್ ಎನ್ನುತ್ತಾರೆ ಅವರು. ಪ್ಲೈವುಡ್‌ಗೂ ಬೇಕಾ ಸಾರ್?

ವೈಟ್‌ಫೀಲ್ಡ್ ಸಿಎಚ್‌ಎ

ಪೂರ್ತಿ ಪ್ಲೈವುಡ್ ಆದರೆ ಬೇಡ. ಮೂಲೆಗೆ, ಅಂಚಿಗೆ ಹೊಡೆದ ಪಟ್ಟಿ ಪ್ಲೈವುಡ್ ಅಲ್ಲದ ಮಾಮೂಲಿ ಮರದ್ದಾ ನೋಡಿ. ಆಗಿದ್ದರೆ ಅದಕ್ಕೂ ಮುದ್ರೆ ಬೇಕು. ಹತ್ತಿರದಿಂದ ತೆಗೆದ ಫೋಟೊ ಹಾಕಿ, ನೋಡಿ ಹೇಳುತ್ತೇನೆ.