ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: 14,000 ಕಿ.ಮೀ.ಗೆ 17 ಗಂಟೆ ಯಾಕೆ?

ಪ್ರಶ್ನೆ:
ಅಪ್ಪ ಅಮ್ಮನಿಗೆ ಜೂನ್ ತಿಂಗಳಿಗೆ ಟಿಕೆಟ್ ನೋಡ್ತಿದ್ದೀನಿ. ದೂರ ಸುಮಾರು 14,000 ಕಿ.ಮೀ. ಅಂತ ಬರುತ್ತೆ. ಗಂಟೆಗೆ 900 ಕಿ.ಮೀ. ಹಿಡಿದರೆ ಹದಿನೈದೂವರೆ ಗಂಟೆ ಸಾಕು. ಆದರೆ ಎಲ್ಲೂ ಇಳಿಯದೆ ಹೋದರೂ 17 ಗಂಟೆ ಅಂತಾರೆ. ಉಳಿದ ಹೊತ್ತು ಎಲ್ಲಿ ಹೋಗುತ್ತೆ? ಒಂದು ಕಡೆ ಇಳಿದು ಹತ್ತೋದಾದರೆ ಯಾವ ದಾರಿ ಒಳ್ಳೇದು?

ಉತ್ತರ 1:
14,000 ಅನ್ನೋದು ಭೂಗೋಳದ ಮೇಲೆ ದಾರ ಎಳೆದು ಹಿಡಿದಾಗ ಸಿಗುವ ದೂರ. ಆ ಗೆರೆ ಟಿಬೆಟ್, ಸೈಬೀರಿಯಾ ದಾಟಿ ಸುಮಾರು 71 ಡಿಗ್ರಿ ಉತ್ತರಕ್ಕೆ ಏರಿ, ಅಲಾಸ್ಕಾ ಮೇಲಿಂದ ಇಳಿಯುತ್ತೆ. ವಿಮಾನಗಳು ಸಾಮಾನ್ಯವಾಗಿ ಹಾಗೆ ಹೋಗಲ್ಲ, ಅದಕ್ಕೆ ಮುಖ್ಯ ಕಾರಣ ಟಿಬೆಟ್. ಕ್ಯಾಬಿನ್ ಒತ್ತಡ ಕುಸಿದರೆ ಪೈಲಟ್ ಬೇಗ 10,000 ಅಡಿಗೆ ಇಳಿಸಬೇಕು. ಪ್ರಯಾಣಿಕರ ಮಾಸ್ಕ್‌ನಲ್ಲಿ ಆಕ್ಸಿಜನ್ ಇರೋದು ಕಾಲು ಗಂಟೆಯ ಆಸುಪಾಸು. ಆದರೆ ಅಲ್ಲಿ ನೆಲವೇ ಸರಾಸರಿ 4,500 ಮೀಟರ್, ಅಂದರೆ 14,000 ಅಡಿಗೂ ಮೇಲೆ! ಹಾಗಾಗಿ ಸುತ್ತು ಹಾಕಲೇಬೇಕು.

ಇನ್ನು ಟಿಕೆಟ್‌ನಲ್ಲಿ ಕಾಣೋ ಅವಧಿ ಗೇಟ್ ಬಿಟ್ಟಾಗಿನಿಂದ ಗೇಟ್ ಸೇರೋವರೆಗಿನದು. ಗೇಟ್‌ಗೂ ರನ್‌ವೇಗೂ ನಡುವೆ ವಿಮಾನ ನೆಲದ ಮೇಲೆ ಓಡೋದಕ್ಕೇ (ಟ್ಯಾಕ್ಸಿ) ಅರ್ಧ ಗಂಟೆ ಹೋಗಬಹುದು. ಏರುವಾಗ, ಇಳಿಯುವಾಗ 900ರ ವೇಗವೂ ಇರಲ್ಲ. ಮೇಲ್ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ. 100 ಕಿ.ಮೀ. ವೇಗದ ಗಾಳಿ ಐದು ಗಂಟೆ ಬೆನ್ನಿಗೆ ಸಿಕ್ಕರೆ ಅರ್ಧ ಗಂಟೆಗಿಂತ ಹೆಚ್ಚು ಉಳಿಯುತ್ತೆ, ಎದುರಾದರೆ ಅಷ್ಟೇ ನಷ್ಟ.

ಉತ್ತರ 2:
ಇಳಿದು ಹತ್ತೋ ದಾರಿಗಳ ಕನಿಷ್ಠ ದೂರ ನೋಡಿ: ಹಾಂಗ್‌ಕಾಂಗ್ ಮೂಲಕ ಸುಮಾರು 15,080 ಕಿ.ಮೀ., ದುಬೈ ಮೂಲಕ 15,700, ಫ್ರಾಂಕ್‌ಫರ್ಟ್ ಮೂಲಕ 16,550. ಆದರೆ ವಯಸ್ಸಾದವರಿಗೆ ದೂರಕ್ಕಿಂತ ಪ್ರಯಾಣ ಹೇಗೆ ಹಂಚಿಕೆಯಾಗಿದೆ ಅನ್ನೋದು ಮುಖ್ಯ. ದುಬೈನಲ್ಲಿ ಇಳಿದರೂ ಮುಂದೆ 13,000 ಕಿ.ಮೀ. ಒಂದೇ ಉಸಿರಿಗೆ ಕೂರಬೇಕು. ಫ್ರಾಂಕ್‌ಫರ್ಟ್ ದಾರಿ ಉದ್ದವಾದರೂ 7,400 ಮತ್ತು 9,150 ಅಂತ ಹೆಚ್ಚುಕಮ್ಮಿ ಸಮನಾಗಿ ಒಡೆಯುತ್ತೆ. ಕಾಲು ಊದಿಕೊಳ್ಳುವವರಿಗೆ ನಾನು ಅದನ್ನೇ ಹೇಳ್ತೀನಿ. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ, ಮಧ್ಯೆ ಮೂರು ಗಂಟೆಯಾದರೂ ಇರಲಿ. ವೀಲ್‌ಚೇರ್ ಬುಕಿಂಗ್ ಮಾಡುವಾಗಲೇ ಕೇಳಿ. ಅಮೆರಿಕದ ಬೇರೆ ಊರಲ್ಲಿ ಇಳಿದು ಹತ್ತೋ ಟಿಕೆಟ್ ಮಾತ್ರ ಬೇಡ: ಮೊದಲು ಇಳಿದಲ್ಲೇ ಇಮಿಗ್ರೇಷನ್, ಬ್ಯಾಗ್ ತಗೊಂಡು ಮತ್ತೆ ಕೊಡೋದು, ಇನ್ನೊಂದು ಸೆಕ್ಯುರಿಟಿ.

ಪ್ರಶ್ನೆ ಕೇಳಿದವರು:
ಧನ್ಯವಾದ. ಮಧ್ಯಾಹ್ನ 2ಕ್ಕೆ ಹೊರಟು 17 ಗಂಟೆ ಹಾರಿದರೆ ಅಲ್ಲಿ ಇಳಿಯೋದು ಯಾವಾಗ?

ಉತ್ತರ 1:
ಅದೇ ದಿನ ಸಂಜೆ 6.30. ನಮ್ಮ ಗಡಿಯಾರದಲ್ಲಿ ಮರುದಿನ ಬೆಳಿಗ್ಗೆ 7, ಅದರಲ್ಲಿ 12.30 ಗಂಟೆ ಕಳೆಯಿರಿ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ವ್ಯತ್ಯಾಸ 13.30 ಗಂಟೆ.

ವಾಪಸ್ ಬರುವಾಗ ತಾರೀಖು ಎರಡು ಮುಂದೆ ಹೋಗಬಹುದು, ಹುಷಾರು. ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟು ಬೆಂಗಳೂರಲ್ಲಿ ಇಳಿದದ್ದು 11ರ ಬೆಳಗಿನ ಜಾವ. ಊರಿಂದ ಕಾರು ಕಳಿಸೋರಿಗೆ ಇಳಿಯೋ ತಾರೀಖನ್ನೇ ಬರೆದು ಕೊಡಿ.