ರ‍್ಯಾಪಿನ ‘ಲಿರಿಕಲ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ವು-ಟ್ಯಾಂಗ್ ಕ್ಲ್ಯಾನ್ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನ್ಯೂಯಾರ್ಕಿನ ಸ್ಟ್ಯಾಟನ್ ಐಲ್ಯಾಂಡಿನ ರ‍್ಯಾಪ್ ತಂಡ ಅದು. ಮೊದಲ ಆಲ್ಬಂ ಬಂದದ್ದು 1993ರಲ್ಲಿ. ತಂಡದ ಒಂಬತ್ತು ಜನರಲ್ಲಿ ‘ಲಿರಿಕಲ್’ ಆಗಿ, ಅಂದರೆ ಪದ ಕಟ್ಟುವ ಜಾಣತನದಲ್ಲಿ, ಯಾರು ಮೇಲು ಅನ್ನೋ ಜಗಳ ಅಭಿಮಾನಿಗಳಲ್ಲಿ ಇನ್ನೂ ಮುಗಿದಿಲ್ಲ. ನಾನು ಸಿಕ್ಕಿಹಾಕಿಕೊಂಡಿದ್ದೂ ಆ ಪದದಲ್ಲೇ.

ಮೊದಲ ಕರಡಿನಲ್ಲಿ ‘ಭಾವಗೀತಾತ್ಮಕ’ ಅಂತ ಬರೆದಿದ್ದೆ. ಓದಿದ ತಂಗಿ “ಇವರೇನು ಸುಗಮ ಸಂಗೀತದವರಾ?” ಅಂತ ನಕ್ಕಳು. ಸರಿಯೇ. ಭಾವಗೀತೆ ಅಂದ ಕೂಡಲೇ ನಮಗೆ ಹಾರ್ಮೋನಿಯಂ, ತಬಲಾ ಕೇಳಿಸುತ್ತೆ. ಸಿನಿಮಾದವರ ‘ಸಾಹಿತ್ಯ’ ಸ್ವಲ್ಪ ಹತ್ತಿರ. ಆದರೆ ಅಲ್ಲಿ ಬರೆಯುವವರು ಒಬ್ಬರು, ಹಾಡುವವರು ಇನ್ನೊಬ್ಬರು. ರ‍್ಯಾಪಿನಲ್ಲಿ ಇಬ್ಬರೂ ಒಬ್ಬನೇ.

‘ಪದಸಂಪತ್ತು’ ಅಂದರೆ ಹೇಗೆ? 2014ರಲ್ಲಿ ಒಬ್ಬರು ಒಬ್ಬೊಬ್ಬ ರ‍್ಯಾಪರನ ಮೊದಲ 35,000 ಪದ ತೆಗೆದುಕೊಂಡು, ಅದರಲ್ಲಿ ಬೇರೆ ಬೇರೆ ಪದ ಎಷ್ಟಿವೆ ಅಂತ ಎಣಿಸಿದ್ದರು. ಈ ತಂಡದ ಜಿಝಾ 6,426 ಪದಗಳೊಂದಿಗೆ ತುಂಬಾ ಮೇಲಿದ್ದ. ಆದರೆ ಎಣಿಕೆಗೆ ಸಿಗೋದು ಅಷ್ಟೇ. ಇದೇ ತಂಡದ ಓಲ್ ಡರ್ಟಿ ಬಾಸ್ಟರ್ಡ್ ಅರ್ಧ ಹಾಡಿ, ಅರ್ಧ ಕೂಗಿ, ತಾಳದ ಹಿಂದೆ ಮುಂದೆ ಓಲಾಡುತ್ತಾನಲ್ಲ, ಅದನ್ನು ಯಾವ ಲೆಕ್ಕಕ್ಕೆ ಹಾಕೋದು?

ನನಗೆ ಇನ್‌ಸ್ಪೆಕ್ಟಾ ಡೆಕ್ ಇಷ್ಟ. ತಂಡದ 1997ರ ‘ಟ್ರಯಂಫ್’ ಹಾಡಿಗೆ ಪಲ್ಲವಿಯೇ ಇಲ್ಲ, ಒಬ್ಬರಾದ ಮೇಲೆ ಒಬ್ಬರು ಬಂದು ಹೇಳಿ ಹೋಗುತ್ತಾರೆ. ಮೊದಲ ಸರದಿ ಡೆಕ್‌ನದು. ಶುರುವಿನಲ್ಲೇ ಸಾಕ್ರಟೀಸ್ ಹೆಸರು ಬರುತ್ತೆ. ಆ ಹೆಸರಿನ ಸದ್ದಿಗೆ ಹೊಂದುವ ಪದಗಳು ಸಾಲಿನ ಕೊನೆಗೂ ಕಾಯದೆ ಒಂದರ ಬೆನ್ನಿಗೆ ಒಂದು ಬೀಳುತ್ತವೆ. ಇದನ್ನು ಅಂತ್ಯಪ್ರಾಸ ಅನ್ನೋಕಾಗಲ್ಲ. ನಮ್ಮ ಆದಿಪ್ರಾಸವೂ ಅಲ್ಲ, ಅದು ಸಾಲುಸಾಲಿನ ಎರಡನೇ ಅಕ್ಷರದ ಮಾತು. (ಅದರ ಆರು ಬಗೆಗೆ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಅಂತ ಹೆಸರು. ಕುಂಗ್ ಫೂ ಸಿನಿಮಾ ಹುಚ್ಚಿನ ಈ ಹುಡುಗರಿಗೆ ಹೇಳಿಮಾಡಿಸಿದ ಹಾಗಿದೆ, ಅಲ್ವಾ?) ಸದ್ಯಕ್ಕೆ ‘ಒಳಪ್ರಾಸ’ ಅಂತ ಬರೆದಿದ್ದೇನೆ.

‘ಫ್ಲೋ’, ಅಂದರೆ ತಾಳದ ಮೇಲೆ ಪದ ಕೂರಿಸುವ ರೀತಿ, ಇನ್ನೂ ಕಷ್ಟ. ‘ಹರಿವು’ ಅಂದರೆ ಹೊಳೆ ನೆನಪಾಗುತ್ತೆ. ಕರ್ನಾಟಕ ಸಂಗೀತದ ‘ನಡೆ’ ಅರ್ಥದಲ್ಲಿ ಚೆನ್ನಾಗಿ ಕೂರುತ್ತೆ. ಒಂದು ಪೆಟ್ಟಿನೊಳಗೆ ಎಷ್ಟು ಅಕ್ಷರ ಕೂರಿಸುತ್ತೀಯ ಅನ್ನೋದೇ ಅಲ್ಲೂ ಮುಖ್ಯ. ಆದರೆ ‘ಮೆಥಡ್ ಮ್ಯಾನ್ ನಡೆ ಚೆನ್ನಾಗಿದೆ’ ಅಂತ ಬರೆದರೆ ಶಾಲೆಯ ನಡತೆ ಪತ್ರದ ಹಾಗೆ ಕಾಣುತ್ತೆ! ಹಾಗಾಗಿ ‘ಧಾಟಿ’ಗೆ ಬಂದು ನಿಂತಿದ್ದೇನೆ.

‘ಲಿರಿಕಲ್’ಗೆ ಮಾತ್ರ ‘ಪದಗಾರಿಕೆ’ ಅಂತ ನಾನೇ ಕಟ್ಟಿಕೊಂಡೆ. ಪದ ಅಂದರೆ ಶಬ್ದವೂ ಹೌದು, ಹಾಡೂ ಹೌದು. ತಾಳಮದ್ದಳೆಯ ‘ಅರ್ಥಗಾರಿಕೆ’ ಇದ್ದೇ ಇದೆ, ಅದರ ಜೊತೆ ಇದೂ ನಡೆಯಬಹುದು ಅನ್ನಿಸಿತು.

ಉತ್ತರ ಕರ್ನಾಟಕದವರಿಗೆ ಒಂದು ಪ್ರಶ್ನೆ. ಗೀಗೀ ಮೇಳಗಳಲ್ಲಿ ಹರದೇಶಿ, ನಾಗೇಶಿ ಅಂತ ಎರಡು ಪಕ್ಷವಾಗಿ ಪದದಲ್ಲೇ ಸವಾಲು ಜವಾಬು ನಡೆಯುತ್ತಲ್ಲ, ಅಲ್ಲಿ ಒಬ್ಬರು ಇನ್ನೊಬ್ಬರನ್ನು ಮೀರಿಸಿದಾಗ ಕೇಳುವ ಜನ ಏನಂತ ಹೊಗಳುತ್ತಾರೆ? ದನಿಯನ್ನಲ್ಲ, ಪದ ಕಟ್ಟಿದ ಜಾಣತನವನ್ನು. ಅದಕ್ಕೊಂದು ಹೆಸರಿದ್ದರೆ ತಿಳಿಸಿ, ನನ್ನ ‘ಪದಗಾರಿಕೆ’ಯನ್ನು ಈಗಲೇ ಹೊಡೆದುಹಾಕುತ್ತೇನೆ.